ನಿದ್ದೆ ಬರುತ್ತಿಲ್ಲವೇ? ಹಾಗಾದರೆ ತಡವಾಗಿ ಮಲಗಿ

ಹೋದ ಚಳಿಗಾಲದಲ್ಲಿ ವಿಜಯಪುರದಿಂದ ನಮ್ಮ ಕಾಕಾ ಫೋನ್ ಮಾಡಿದ್ದರು. ಅವರು ರಿಟೈರ್ ಆದ ಮಾಸ್ತರು. "ಒಂಬತ್ತೂವರಿಗೆ ಕೌದಿ ಹೊಚಗೊಂಡು ಬಿದ್ಕೋತೀನಿ, ಹನ್ನೆರಡಾದ್ರೂ ಕಣ್ಣು ಹತ್ತಂಗಿಲ್ಲ. ನಾಳಿಂದ ಎಂಟಕ್ಕ ಮಲಗ್ತೀನಿ ನೋಡು" ಅಂದರು.

ಬೇಡ ಕಾಕಾ, ಬ್ಯಾಡ್ರಿ ಅಂದೆ. ಎಲ್ಲರೂ ಎಡವುವುದು ಇಲ್ಲೇ. ನಿದ್ದೆ ಸಾಲದಿದ್ದಾಗ ಹಾಸಿಗೆಯಲ್ಲಿ ಇನ್ನೂ ಜಾಸ್ತಿ ಹೊತ್ತು ಬಿದ್ದುಕೊಳ್ಳುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ: ನಿದ್ದೆ ಬರುವಷ್ಟು ಹೊತ್ತು ಮಾತ್ರ ಹಾಸಿಗೆಯಲ್ಲಿರುವುದು.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ ಮತ್ತು ಜೊತೆಗಾರರು 1987ರಲ್ಲಿ 35 ಜನರ ಮೇಲೆ ಮಾಡಿ ತೋರಿಸಿದ ವಿಧಾನ. 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನದಲ್ಲಿ 642 ಜನ ಇದ್ದರು. ಅರ್ಧ ಜನರಿಗೆ ನಿದ್ದೆಯ ಸಲಹೆಗಳ ಕಿರುಪುಸ್ತಕ ಮಾತ್ರ. ಉಳಿದವರಿಗೆ ಅದರ ಜೊತೆ ನರ್ಸ್‌ಗಳು ನಾಲ್ಕು ವಾರ ಈ ವಿಧಾನ ಕಲಿಸಿದರು. ಆರು ತಿಂಗಳಾದ ಮೇಲೆ ನೋಡಿದರೆ ಕಲಿತವರೇ ಮುಂದೆ. ದೀಪ ಆರಿಸಿ, ಬಿಸಿ ಹಾಲು ಕುಡಿಯಿರಿ ಅನ್ನುವ ಸಲಹೆ ತಪ್ಪಲ್ಲ, ಆದರೆ ಹಳೇ ನಿದ್ರಾಹೀನತೆಗೆ ಅಷ್ಟೇ ಸಾಲುವುದಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಮೂರ್ಛೆರೋಗ ಇದ್ದವರು, ಮನಸ್ಸು ಅತಿ ಹುರುಪು, ಅತಿ ಖಿನ್ನತೆಯ ನಡುವೆ ಹೊಯ್ದಾಡುವ ಬೈಪೋಲಾರ್ ತೊಂದರೆ ಇದ್ದವರು, ಜೋರಾಗಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಏಳುವವರು, ಗರ್ಭಿಣಿಯರು ಇದನ್ನು ತಾವಾಗಿಯೇ ಮಾಡಬಾರದು. ಲಾರಿ, ಬಸ್ಸು ಓಡಿಸುವವರೂ, ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುತ್ತಲೇ ಇರುವವರೂ ಅಷ್ಟೇ. ಡಾಕ್ಟರನ್ನು ಕೇಳಿ. ನಿದ್ದೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬೇಡಿ.

ಮೊದಲ ವಾರ ಬರೆದಿಡುವುದಷ್ಟೇ ಕೆಲಸ. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಹತ್ತಿತು, ನಡುವೆ ಎಷ್ಟು ಹೊತ್ತು ಎಚ್ಚರಿದ್ದೆ, ಎಷ್ಟಕ್ಕೆ ಎದ್ದೆ. ಕಾಕಾ ಹಾಜರಿ ಪುಸ್ತಕದ ಹಾಗೆ ಗೀಟು ಹಾಕಿ ಬರೆದರು. ಮೂರನೇ ದಿನದ ಸಾಲಿನಲ್ಲಿ '3 ಗಂಟೆ 17 ನಿಮಿಷಕ್ಕೆ ಎಚ್ಚರ' ಅಂತಿತ್ತು. ರಾತ್ರಿಯಿಡೀ ಗಡಿಯಾರ ನೋಡುತ್ತಿದ್ದಾರೆ ಅಂತ ಗೊತ್ತಾಯಿತು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆದರೆ ಸಾಕು. ನಿದ್ದೆ ಅಳೆಯುವ ಕೈಗಡಿಯಾರವನ್ನಂತೂ ಬಿಚ್ಚಿಡಿ. ಅದರ ಅಂಕಿ ಕಡಿಮೆ ಬಂತು ಅಂತ ಚಿಂತೆ ಮಾಡಿ ಇದ್ದ ನಿದ್ದೆಯನ್ನೂ ಕಳೆದುಕೊಂಡವರ ಬಗ್ಗೆ 2017ರಲ್ಲೇ ವೈದ್ಯರು ಬರೆದಿದ್ದಾರೆ.

ಇನ್ನು ಲೆಕ್ಕ. ಇದನ್ನು ನಿಧಾನಕ್ಕೆ ಓದಿ.

ಕಾಕಾ ಹಾಸಿಗೆಯಲ್ಲಿ ಇರುತ್ತಿದ್ದದ್ದು ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ, ಎಂಟೂವರೆ ತಾಸು. ವಾರದ ಸರಾಸರಿ ತೆಗೆದರೆ ನಿದ್ದೆ ಬಂದದ್ದು ಐದೂವರೆ ತಾಸು. ಅಂದರೆ ನೂರಕ್ಕೆ 65 ಪಾಲು. ಈಗ ಹಾಸಿಗೆಯ ಹೊತ್ತನ್ನೂ ಐದೂವರೆ ತಾಸಿಗೆ ಇಳಿಸಬೇಕು. ನಿಮ್ಮ ಸರಾಸರಿ ನಾಲ್ಕು ತಾಸು ಬಂದಿದ್ದರೂ ಐದು ತಾಸಿಗಿಂತ ಕೆಳಗೆ ಮಾತ್ರ ಇಳಿಯಬೇಡಿ.

ಏಳುವ ಹೊತ್ತನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಮಲಗುವ ಹೊತ್ತನ್ನಲ್ಲ. ಕಾಕಾ ಬೆಳಿಗ್ಗೆ ಐದೂವರೆ ಅಂದರು. ಅಲ್ಲಿಂದ ಹಿಂದಕ್ಕೆ ಎಣಿಸಿ. ಐದೂವರೆ ತಾಸು ಹಿಂದೆ ಅಂದರೆ ರಾತ್ರಿ ಹನ್ನೆರಡು. ಅದಕ್ಕಿಂತ ಮೊದಲು ಬೆನ್ನು ಹಾಸಿಗೆಗೆ ತಾಗಬಾರದು. ರಾತ್ರಿ ನಿದ್ದೆ ಬಂದಿರಲಿ ಬಿಡಲಿ, ಐದೂವರೆಗೆ ಎದ್ದೇ ಏಳಬೇಕು. ಭಾನುವಾರವೂ. ಮದುವೆ ಮನೆಯಿಂದ ತಡವಾಗಿ ಬಂದ ಮಾರನೇ ದಿನವೂ. ಆರು ದಿನ ಸರಿಯಾಗಿ ಮಾಡಿ ಏಳನೇ ದಿನ ಎಂಟು ಗಂಟೆವರೆಗೆ ಮಲಗಿ, ಆಮೇಲೆ ಇದು ಕೆಲಸ ಮಾಡಲಿಲ್ಲ ಅನ್ನುವವರನ್ನು ಬಹಳ ನೋಡಿದ್ದೇನೆ.

ಇದು ಯಾಕೆ ಕೆಲಸ ಮಾಡುತ್ತದೆ? ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟು ನಿದ್ದೆ ಎಳೆಯುತ್ತದೆ. ಹಸಿವಿನ ಹಾಗೆ ಅಂದುಕೊಳ್ಳಿ. ಸಂಜೆ ಆರಕ್ಕೆ ಒಂದು ಪ್ಲೇಟ್ ಗಿರಮಿಟ್ ತಿಂದು ಎಂಟಕ್ಕೆ ರೊಟ್ಟಿ ಮುಂದೆ ಕುಂತರೆ ಎಲ್ಲಿಂದ ಸೇರಬೇಕು? ಮಧ್ಯಾಹ್ನ ಉಂಡು ಹಾಕುವ ಒಂದು ತಾಸಿನ ನಿದ್ದೆಯೇ ಆ ಗಿರಮಿಟ್. ಈ ಕೆಲವು ವಾರ ಅದೂ ಬಂದ್. ಚಹಾ, ಕಾಫಿ ಮಧ್ಯಾಹ್ನಕ್ಕೇ ಮುಗಿಸಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ತಾಸಾದರೂ ಮೈಯಲ್ಲೇ ಇರುತ್ತದೆ.

ನಿಜವಾದ ತೊಂದರೆ ಹತ್ತರಿಂದ ಹನ್ನೆರಡರ ನಡುವೆ. ಮನೆಯವರೆಲ್ಲ ಮಲಗಿರುತ್ತಾರೆ. ಸೋಫಾದ ಮೇಲೆ ಸುಮ್ನೆ ಒರಗಿದೆ ಅಂತೀರಿ, ಅರ್ಧ ತಾಸು ಕಣ್ಣು ಮುಚ್ಚಿಬಿಡುತ್ತದೆ. ಅಲ್ಲಿಗೆ ಆ ರಾತ್ರಿಯ ಲೆಕ್ಕ ಕೆಟ್ಟಿತು. ಹಾಗಾಗಿ ಕೈಗೆ ಕೆಲಸ ಬೇಕು, ಅದು ಬೇಜಾರಿನದ್ದೇ ಆಗಿರಬೇಕು. ಕಾಕಾ ಪಡಸಾಲೆಯಲ್ಲಿ ಸಣ್ಣ ದೀಪ ಹಚ್ಚಿಕೊಂಡು, ಬೆನ್ನಿಗೆ ಒರಗು ಇಲ್ಲದ ಮಣೆಯ ಮೇಲೆ ಕುಂತು ಶೇಂಗಾ ಸುಲಿದರು. ಮೊರದ ಒಂದು ಕಡೆ ಕಾಳು, ಇನ್ನೊಂದು ಕಡೆ ಸಿಪ್ಪೆ. ನಾಲ್ಕನೇ ರಾತ್ರಿ ತೂಕಡಿಕೆ ಬಂದು ಕಾಳನ್ನೆಲ್ಲ ಸಿಪ್ಪೆಗೆ ಹಾಕಿಬಿಟ್ಟರಂತೆ. ಕಾಕು ಬೆಳಿಗ್ಗೆ ಬೈಯ್ದರು. ನನಗೆ ಖುಷಿಯಾಯಿತು, ಯಾಕೆಂದರೆ ಆ ತೂಕಡಿಕೆಯೇ ನಮಗೆ ಬೇಕಾಗಿದ್ದದ್ದು. ಮೊಬೈಲ್ ಹಿಡಿಯಬೇಡಿ. ಒಂದು ರೀಲ್ ಹೋಗಿ ಹತ್ತಾಗುತ್ತದೆ.

ಮೊದಲ ಹತ್ತು ದಿನ ಹಗಲು ಮಂಕು ಕವಿದಿರುತ್ತದೆ, ಸಿಟ್ಟು ಬೇಗ ಬರುತ್ತದೆ. ಬೈಕ್ ಮೇಲೆ ದೂರ ಹೋಗಬೇಡಿ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಪಕ್ಕದ ಮನೆಯವರು ಜೆಲ್ಲಿ ಮಿಠಾಯಿಯಂಥ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ತಂದುಕೊಡುವುದೂ ಆಗಲೇ. ವಿಮಾನದಲ್ಲಿ ದೂರದ ದೇಶಕ್ಕೆ ಹೋಗಿ ನಿದ್ದೆಯ ಹೊತ್ತು ಏರುಪೇರಾದವರಿಗೆ ಅದು ಉಪಯೋಗ, ನಿಮ್ಮ ತೊಂದರೆಗೆ ಅಷ್ಟಕ್ಕಷ್ಟೆ. ಮಲಗುವ ಮುಂಚೆ ಒಂದು ಕ್ವಾರ್ಟರ್ ಹಾಕಿದರೆ ಒಳ್ಳೆ ನಿದ್ದೆ ಅನ್ನುವ ಗೆಳೆಯರೂ ಇರುತ್ತಾರೆ. ಕಣ್ಣು ಬೇಗ ಹತ್ತುವುದು ನಿಜ. ನಡುರಾತ್ರಿ ಎಬ್ಬಿಸುವುದೂ ಅದೇ.

ಹನ್ನೆರಡಕ್ಕೆ ಮಲಗಿಯೂ ಕಣ್ಣು ಹತ್ತದಿದ್ದರೆ? ಸುಮಾರು ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಹೊರಗೆ ಬನ್ನಿ. ಹೊರಳಾಡುತ್ತಾ ಬಿದ್ದರೆ ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಅಂತ ಮನಸ್ಸಿಗೆ ರೂಢಿಯಾಗುತ್ತದೆ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ಹೇಳಿದ್ದರು. ಮತ್ತೆ ಶೇಂಗಾ ಮುಂದೆ ಕುಂತುಕೊಳ್ಳಿ, ತೂಕಡಿಕೆ ಬಂದಾಗ ಮತ್ತೆ ಹಾಸಿಗೆಗೆ ಹೋಗಿ. ನಾಳೆಯ ಕೆಲಸಗಳೇ ತಲೆಯಲ್ಲಿ ಸುತ್ತುತ್ತಿದ್ದರೆ ಮಲಗುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಡಿ. 2018ರಲ್ಲಿ 57 ಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ಮುಗಿದ ಕೆಲಸ ಬರೆದವರಿಗಿಂತ ಮಾಡಬೇಕಾದ ಕೆಲಸ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತ್ತು.

ಪ್ರತಿ ವಾರ ಲೆಕ್ಕ ನೋಡಿ. ಹಾಸಿಗೆಯಲ್ಲಿದ್ದ ಹೊತ್ತಿನ ನೂರಕ್ಕೆ 90 ಪಾಲಿಗಿಂತ ಹೆಚ್ಚು ನಿದ್ದೆ ಬಂದಿದ್ದರೆ 15 ನಿಮಿಷ ಮೊದಲೇ ಮಲಗಿ. 85ರಿಂದ 90 ಇದ್ದರೆ ಹಾಗೇ ಬಿಡಿ. ಅದಕ್ಕಿಂತ ಕಡಿಮೆ ಇದ್ದರೆ 15 ನಿಮಿಷ ತಡ ಮಾಡಿ, ಆದರೆ ಐದು ತಾಸಿನ ಗೆರೆ ದಾಟದ ಹಾಗೆ. ಖುಷಿಯಾಯಿತು ಅಂತ ಒಂದೇ ಸಲ ಒಂದು ತಾಸು ಹಿಗ್ಗಿಸಬೇಡಿ. ಕಾಕಾ ಎರಡನೇ ವಾರ ಹಾಗೆ ಮಾಡಿ ಮತ್ತೆ ಮೊದಲಿನ ಜಾಗಕ್ಕೇ ಬಂದಿದ್ದರು.

ಬೇಸಿಗೆಯಲ್ಲಿ ಶುರು ಮಾಡುವವರು ಮಾಳಿಗೆ ಮೇಲೆ ಮಲಗಿದರೆ ಅಡ್ಡಿಯಿಲ್ಲ, ಇನ್ನೂ ಒಳ್ಳೆಯದು. ಮೈ ಸ್ವಲ್ಪ ತಣ್ಣಗಾದರೇ ನಿದ್ದೆ ಬರುವುದು, ಬೆಳಗಿನ ಬೆಳಕು ಎಬ್ಬಿಸುವ ಕೆಲಸ ತಾನೇ ಮಾಡುತ್ತದೆ. ಆದರೆ ಗಾಳಿ ಚಲೋ ಇದೆ ಅಂತ ಒಂಬತ್ತಕ್ಕೇ ಹತ್ತಿ ಮಲಗಬೇಡಿ.

ಹಗಲು ತೂಕಡಿಕೆ ಇಲ್ಲ, ರಾತ್ರಿ ಬೇಗ ಕಣ್ಣು ಹತ್ತುತ್ತದೆ ಅನ್ನುವ ಹೊತ್ತು ಸಿಕ್ಕ ಕೂಡಲೇ ಹಿಗ್ಗಿಸುವುದನ್ನು ನಿಲ್ಲಿಸಿ. ಕಾಕಾನ ಹೊತ್ತು ಹನ್ನೊಂದಕ್ಕೆ ನಿಂತಿತು. ಆರೆಂಟು ವಾರವಾದರೂ ಬದಲಾಗದಿದ್ದರೆ, ಅಥವಾ ನಿದ್ದೆ ಬಾರದ್ದರ ಜೊತೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.