ಐದಡಿ ತಡೆಗೋಡೆಗೆ ಕಂಬ ಎಷ್ಟು ಆಳ ಹೂಳಬೇಕು?

ಧಾರವಾಡದಲ್ಲಿ ಸಪಾಟಾದ ಸೈಟು ಸಿಗುವುದು ಕಡಿಮೆ. ಹಿಂದೆ ಏರು, ಮುಂದೆ ತಗ್ಗು. ಕಡಿದು ಮಟ್ಟ ಮಾಡಿದ ಮೇಲೆ ಹಿಂದಿನ ಮಣ್ಣು ಜಾರಬಾರದು ಅಂತ ಕಬ್ಬಿಣದ ಐ-ಕಂಬ ನಿಲ್ಲಿಸಿ, ನಡುವೆ ಸಿಮೆಂಟ್ ಹಲಗೆ ಇಳಿಸುತ್ತಾರೆ. ಇದೇ ಸೋಲ್ಜರ್ ಪೈಲ್ ಗೋಡೆ. ಐದಡಿ ಗೋಡೆಗೆ ಎರಡಡಿ ಗುಂಡಿ ತೋಡಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆ ಬಗ್ಗಿ ನಮಸ್ಕಾರ ಹಾಕುತ್ತದೆ.

ಮೊದಲು ಮಣ್ಣು ನೋಡಿ. ಈ ಲೆಕ್ಕ ಗಟ್ಟಿ ಗರಸಿಗೆ ಮಾತ್ರ. ನವಲಗುಂದದ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬಿ ದೂಡುತ್ತದೆ. ಅಲ್ಲಿ, ಅಥವಾ ಗೋಡೆ ಐದಡಿ ಮೀರಿದರೆ, ಎಂಜಿನಿಯರ್ ಬೇಕೇ ಬೇಕು.

ಕಂಬಗಳ ಅಂತರ 1.5 ಮೀಟರ್ ಇಡಿ.

ಈಗ ಆಳ. ಎಲ್ಲರೂ ಎಡವುವುದು ಇಲ್ಲೇ. ಗರಸು ಘನ ಮೀಟರಿಗೆ ಸುಮಾರು 1.8 ಟನ್. ಅದರ ಮೂರನೇ ಒಂದು ಪಾಲು ಅಡ್ಡಕ್ಕೆ ದೂಡುತ್ತದೆ: ಗೋಡೆಯ ಮೇಲ್ತುದಿಯಲ್ಲಿ ಸೊನ್ನೆ, ಐದಡಿ ಅಂದರೆ 1.5 ಮೀಟರ್ ಕೆಳಗೆ ಚದರ ಮೀಟರಿಗೆ 0.9 ಟನ್. ಸರಾಸರಿ 0.45. ಎತ್ತರ, ಅಂತರ ಎರಡರಿಂದಲೂ ಗುಣಿಸಿದರೆ ಕಂಬಕ್ಕೆ 1 ಟನ್. ಹಿಂದೆ ಕಾರು ನಿಲ್ಲಿಸುತ್ತೀರಾ? ಹಾಗಾದರೆ ನೆಲದ ಮೇಲೆ ಚದರ ಮೀಟರಿಗೆ 1 ಟನ್ ಭಾರ ಹಿಡಿಯಿರಿ. ಇನ್ನೂ ಮುಕ್ಕಾಲು ಟನ್ ಬಂತು.

ಇದನ್ನು ತಡೆಯುವುದು ಹೂತ ಭಾಗದ ಮುಂದಿನ ಮಣ್ಣು. ಅದು ತನ್ನ ತೂಕದ ಮೂರು ಪಟ್ಟು ಒತ್ತಿ ಹಿಡಿಯಬಲ್ಲದು, ನೀವು ಎರಡೇ ಪಟ್ಟು ನಂಬಿ. ಗುಂಡಿ 45 ಸೆಂ.ಮೀ. ಅಗಲ ಇದ್ದರೂ ಅಕ್ಕಪಕ್ಕದ ಮಣ್ಣೂ ಜೊತೆಗೂಡುತ್ತದೆ, ಹಾಗಾಗಿ 90 ಸೆಂ.ಮೀ. ಹಿಡಿಯಬಹುದು. ನೆಲದ ಕೆಳಗೆ ಹಿಂದಿನಿಂದ ದೂಡುವ ಮಣ್ಣಿಗೆ ಮಾತ್ರ 45 ಸೆಂ.ಮೀ. ಕಂಬದ ಕೆಳತುದಿಯ ಸುತ್ತ ಎರಡೂ ಕಡೆಯ ಸನ್ನೆಬಲ (ಬಲ ಗುಣಿಸು ದೂರ) ಸರಿದೂಗಿಸಿದರೆ, ಕಾರಿನ ಭಾರವೂ ಸೇರಿ ಆಳ 2.4 ಮೀಟರ್ ಬರುತ್ತದೆ. ಶೇ. 20 ಸೇರಿಸಿ, 2.9 ಮೀಟರ್! ಕಾರು ಇಲ್ಲದಿದ್ದರೂ 2.2. ಗೌಂಡಿ ನಗಬಹುದು, ನಗಲಿ.

ಕಂಬಕ್ಕೆ ಭಾರತೀಯ ಮಾನಕದ ಐ-ಕಂಬ, ಅಂದರೆ 200 ಮಿ.ಮೀ. ಐಎಸ್‌ಎಂಬಿ ಸಾಕು. ಚಪ್ಪಟೆ ಮುಖ, ಅಂದರೆ ಐ ಅಕ್ಷರದ (I) ಮೇಲಿನ-ಕೆಳಗಿನ ಅಡ್ಡಗೆರೆಯಂಥ ಪಟ್ಟಿ, ಮಣ್ಣಿನ ಕಡೆಗಿರಲಿ. ಅಡ್ಡ ತಿರುಗಿಸಿದರೆ ಅದೇ ಕಂಬದ ಬಲ ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಗುಜರಿಯ ತುಕ್ಕು ಹಿಡಿದ ಕಂಬ ನನಗಂತೂ ಬೇಡ. ಗುಂಡಿಗೆ ಪೂರ್ತಿ ಕಾಂಕ್ರೀಟ್ ತುಂಬಿ.

ಹಲಗೆಗೆ ಸರಳು ಇರಲೇಬೇಕು. ಅಗ್ಗ ಅಂತ ಶಹಾಬಾದ್ ಕಲ್ಲು ಇಳಿಸುವವರಿದ್ದಾರೆ. ಅದು ನೆಲಕ್ಕೆ ಹಾಸುವ ಕಲ್ಲು, ಅಲ್ವಾ?

ಹಲಗೆಗಳ ಹಿಂದೆ ಒಂದಡಿ ಜಲ್ಲಿ ತುಂಬಿ, ಬುಡದಲ್ಲಿ ನೀರು ಹೊರಹೋಗಲು ಸಂದು ಬಿಡಿ. ಮೇಲಿನ ಲೆಕ್ಕದಲ್ಲಿ ನೀರಿನ ಒತ್ತಡ ಸೇರಿಲ್ಲ. ಸಂದು ಚೆನ್ನಾಗಿ ಕಾಣಲ್ಲ ಅಂತ ಸಿಮೆಂಟ್ ಮೆತ್ತಿಬಿಡುತ್ತಾರೆ, ಹತ್ತಿರ ನಿಂತು ನೋಡಿಕೊಳ್ಳಿ. ಗೋಡೆಯ ಬುಡಕ್ಕೆ ಹತ್ತಿ ಗಟಾರ ತೋಡಲೂ ಬಿಡಬೇಡಿ. ಎರಡಡಿ ತೋಡಿದರೆ ಹೂತ ಆಳ ಎರಡಡಿ ಕಡಿಮೆ, ಗೋಡೆಯ ಎತ್ತರ ಎರಡಡಿ ಜಾಸ್ತಿ.