ಬೆಲ್ಟ್ ಗ್ರೈಂಡರ್ ಕೂರಿಸಿದ್ದು: ನನ್ನ ಅನುಭವ

ನಾನು ಕತ್ತಿ ಮಸಿಯೋಕೆ ಶುರು ಮಾಡಿದ್ದು ಆಂಗಲ್ ಗ್ರೈಂಡರಲ್ಲಿ. ತೀರ್ಥಹಳ್ಳಿ ಹತ್ರ ನಮ್ಮ ತೋಟ, ಅಡಿಕೆ ಕೊಯ್ಲು ಬಂತಂದ್ರೆ ಸುಲಿಯೋಕೆ ಮೆಟ್ಟುಗತ್ತಿ ಬೇಕು, ಸೊಪ್ಪು ಕಡಿಯೋಕೆ ಕತ್ತಿ ಬೇಕು, ಹಳೇ ಜೀಪಿನ ಲೀಫ್ ಪ್ಲೇಟ್ (ಸ್ಪ್ರಿಂಗ್ ಪಟ್ಟಿ) ಗುಜರಿಲಿ ಸಿಗತ್ತೆ, ಅದನ್ನ ಆಚಾರ್ರ ಕುಲುಮೇಲಿ ಬಡಿಸ್ಕೊಂಡು ಬಂದು ಉಳಿದಿದ್ದು ನಾನೇ ಮಾಡ್ತಿದ್ದೆ. ಆದ್ರೆ ಬಾಯಿ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಆಚಾರ್ರು ತಿರುಗಿಸಿ ತಿರುಗಿಸಿ ನೋಡಿ "ಏನ್ ಮಾರಾಯ, ಇಲಿ ಕಡ್ದಂಗಿದೆ" ಅಂದ್ರು. ಸರಿ, ಬೆಲ್ಟ್ ಗ್ರೈಂಡರ್, ಅಂದ್ರೆ ಉಜ್ಜೋ ಕಾಗದದ ಥರದ ಪಟ್ಟಿ ವೀಲುಗಳ ಮೇಲೆ ಸುತ್ತೋ ಮೆಷಿನ್ನು, ಮಾಡೇಬಿಡೋಣ ಅಂತ ಕೂತೆ.

ಬೆಲ್ಟ್ ಸೈಜು 2 ಇಂಚು ಅಗಲ 72 ಇಂಚು ಉದ್ದ, ಕತ್ತಿ ಕೆಲಸಕ್ಕೆ ಹೆಚ್ಚಿನವ್ರು ಹಾಕೋದು ಇದನ್ನೇ, ಎಲ್ಲಾ ಗ್ರಿಟ್ (ಬೆಲ್ಟಿನ ಕಾಳಿನ ಒರಟುತನ) ಸಿಗತ್ತೆ. ಫ್ರೇಮು ಚೌಕ ಪೈಪಲ್ಲಿ ವೆಲ್ಡ್ ಮಾಡಿಸ್ದೆ, ಅದ್ರಲ್ಲಿ ಹೇಳೋ ಅಂಥದ್ದೇನಿಲ್ಲ. ಮೋಟಾರು 2 ಎಚ್‌ಪಿ, 3 ಫೇಸ್, 1440 ಆರ್‌ಪಿಎಂ, ಪೂರ್ತಿ ಮುಚ್ಚಿರೋ ಬಾಡಿದು. ಕಬ್ಬಿಣದ ಪುಡಿ ಹಾರೋ ಜಾಗಕ್ಕೆ ತೆರೆದ ಮೋಟಾರ್ ತಗೊಂಡ್ರೆ ವೈಂಡಿಂಗ್ ಹೋದಂಗೇ.

ವೀಲುಗಳನ್ನ ಶಿವಮೊಗ್ಗದ ಒಂದು ಲೇತ್ ಅಂಗಡೀಲಿ ಅಲ್ಯೂಮಿನಿಯಂನಲ್ಲಿ ಮಾಡಿಸ್ದೆ, ಡ್ರೈವ್ ವೀಲ್ 150 ಎಂಎಂ, ಮೋಟಾರ್ ಶಾಫ್ಟ್ 24 ಎಂಎಂ ಇತ್ತು ಅದಕ್ಕೆ ಸರಿಯಾಗಿ ಕೀ ಕೂರೋ ಸೀಳು ಸಮೇತ, ಐಡ್ಲರ್‌ಗಳಿಗೆ (ಬೆಲ್ಟಿನ ಜೊತೆ ಸುಮ್ನೆ ತಿರುಗೋ ವೀಲುಗಳು) 6203 ಬೇರಿಂಗು, ಎರಡೂ ಕಡೆ ರಬ್ಬರ್ ಸೀಲ್ ಇರೋದು. ಎಲ್ಲಾ ಜೋಡಿಸಿ ಸ್ವಿಚ್ ಹಾಕ್ದೆ ನೋಡಿ, ಬೆಲ್ಟು ಸರ್ರನೆ ಪಕ್ಕಕ್ಕೆ ಸರಿದು ಹಾರಿ ಗೋಡೆಗೆ ಬಡೀತು. ಒಂದು ವಾರ ಇದೇ ಗೋಳು. ಫ್ರೇಮ್ ಸೊಟ್ಟ ಅಂತ ವೆಲ್ಡರ್‌ಗೆ ಬೈದೆ, ಪಾಪ ಅವನ ತಪ್ಪೇನೂ ಇರ್ಲಿಲ್ಲ. ಕೊನೆಗೆ ಲೇತ್ ಅಂಗಡಿಗೆ ತಗೊಂಡು ಹೋದ್ರೆ ಅಲ್ಲಿದ್ದ ವಯಸ್ಸಾದವ್ರು ಟ್ರ್ಯಾಕಿಂಗ್ ವೀಲ್ (ಬೆಲ್ಟ್ ನಡುವಲ್ಲೇ ಓಡೋ ಹಾಗೆ ನೋಡ್ಕೊಳ್ಳೋ ವೀಲ್) ಮೇಲೆ ಸ್ಕೇಲ್ ಇಟ್ಟು ನೋಡಿ ಕೇಳಿದ್ರು, "ಅಕ್ಕಿ ಮಿಲ್ಲಲ್ಲಿ ಪಟ್ಟಾ ಓಡೋ ಪುಲ್ಲಿ ನೋಡಿದೀರಾ? ಚಪ್ಪಟೆ ಇರತ್ತಾ ಅದು?" ಅಂತ. ಇರಲ್ಲ! ನಡು ಸ್ವಲ್ಪ ಉಬ್ಬಿರತ್ತೆ. ಪಟ್ಟಾ ಯಾವಾಗ್ಲೂ ಉಬ್ಬಿದ ಕಡೆಗೇ ಹತ್ತಿ ಕೂರತ್ತೆ, ಅದಕ್ಕೇ ಜಾರಲ್ಲ. ಚಿಕ್ಕವನಿದ್ದಾಗ ಮಿಲ್ಲಲ್ಲಿ ಗಂಟೆಗಟ್ಟಲೆ ನಿಂತು ನೋಡಿದೀನಿ, ಪಟ್ಟಾ ನೋಡ್ದೆ, ಪುಲ್ಲಿ ನೋಡ್ಲೇ ಇಲ್ಲ. ವೀಲಿನ ಎರಡೂ ಅಂಚು ಒಂದೊಂದು ಡಿಗ್ರಿ ಇಳಿಸಿ ಕೊಟ್ರು, ಹಿಂದೆ ಒಂದು ಬೋಲ್ಟ್ ಹಾಕಿ ವೀಲ್ ಓರೆ ಮಾಡೋ ಹಾಗೆ ಕೂರಿಸ್ದೆ, ಆಮೇಲೆ ಬೆಲ್ಟು ಕದಲ್ಲಿಲ್ಲ.

ಎರಡನೇ ಗೋಳು ಕರೆಂಟಿಂದು. ಮನೇಲಿರೋದು ಸಿಂಗಲ್ ಫೇಸ್, ಅದಕ್ಕೆ ವಿಎಫ್‌ಡಿ ಅಂತ ಒಂದು ಎಲೆಕ್ಟ್ರಾನಿಕ್ ಡಬ್ಬಿ ಹಾಕ್ದೆ, 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ಕೊಟ್ರೆ 230 ವೋಲ್ಟಿನ 3 ಫೇಸ್ ಹೊರಗೆ ಕೊಡತ್ತೆ, ಸ್ಪೀಡೂ ಬೇಕಾದಂಗೆ ತಿರುಗಿಸ್ಬೋದು. ಖಾಲಿ ಚೆನ್ನಾಗೇ ತಿರುಗ್ತಿತ್ತು, ಬೆಲ್ಟಿಗೆ ಪ್ಲೇಟ್ ಒತ್ತಿದ ಕೂಡ್ಲೆ ನಿಂತೇ ಹೋಗೋದು. 2 ಎಚ್‌ಪಿ ಅಂತ ಸುಳ್ಳು ಹೇಳಿ ಮಾರಿದ್ರು ಅಂದ್ಕೊಂಡೆ. ಮೋಟಾರ್ ವೈಂಡಿಂಗ್ ಮಾಡೋ ಹುಡುಗ ಬಂದು ಟರ್ಮಿನಲ್ ಡಬ್ಬಿ ಬಿಚ್ಚಿ ನಕ್ಕ. ಕನೆಕ್ಷನ್ ಸ್ಟಾರಲ್ಲಿತ್ತು (ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಸೇರಿಸಿದ್ದು), ಅದು 415 ವೋಲ್ಟಿಗೆ ಮಾಡಿದ್ದು, 230 ಕೊಟ್ರೆ ಮೂರರಲ್ಲಿ ಒಂದು ಪಾಲು ಎಳೆತ ಅಷ್ಟೇ ಬರೋದು. ಲಿಂಕ್ ಪಟ್ಟಿಗಳನ್ನ ಬಿಚ್ಚಿ ಡೆಲ್ಟಾಗೆ (ಒಂದರ ತುದಿ ಇನ್ನೊಂದಕ್ಕೆ ಸೇರಿಸಿ ತ್ರಿಕೋನದ ಥರ, 230 ವೋಲ್ಟಿಗೆ) ಹಾಕ್ದ, ಐದು ನಿಮಿಷದ ಕೆಲಸ. ನೀವು ಮೋಟಾರ್ ತಗೊಳ್ಳೋವಾಗ ಡಬ್ಬಿ ಬಿಚ್ಚಿಸಿ ವೈಂಡಿಂಗಿನ ಆರು ತುದಿ ಇದೆಯಾ ನೋಡ್ಕೊಳ್ಳಿ, ಮೂರೇ ಹೊರಗೆ ಬಂದಿದ್ರೆ ಈ ಬದಲಾವಣೆಗೆ ಮೋಟಾರನ್ನೇ ಬಿಚ್ಚಿಸ್ಬೇಕಾಗತ್ತೆ. ಡೆಲ್ಟಾದಲ್ಲಿ ಆಂಪ್ಸ್ ಜಾಸ್ತಿ, ನಂದು ಸ್ಟಾರಲ್ಲಿ 3.4 ಇದ್ದಿದ್ದು ಇಲ್ಲಿ ಸುಮಾರು 6, ವಿಎಫ್‌ಡಿ ಸೆಟ್ಟಿಂಗಲ್ಲೂ ಅದನ್ನೇ ಹಾಕ್ಬೇಕು. ಲೈನಿಂದ ಎಳೆಯೋದು ಅದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ಚಿಕ್ಕ ಸಾಕೆಟ್ ಕರಗಿ ಹೋಗತ್ತೆ, 16 ಆಂಪ್ಸಿಂದೇ ಬೇಕು, ಅರ್ಥಿಂಗ್ ಸಮೇತ. ವಿಎಫ್‌ಡಿನ ಪುಡಿ ಹೋಗದಂಥ ಡಬ್ಬಿ ಒಳಗಿಟ್ಟು ಬೆಂಚಿಂದ ದೂರ ಗೋಡೆಗೆ ಹೊಡ್ದಿದೀನಿ. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜ್ ಬಿದ್ರೆ ಅದೇ ಟ್ರಿಪ್ ಆಗತ್ತೆ, ಆವಾಗ ಎದ್ದು ಕಾಫಿ ಕುಡಿಯೋಕೆ ಹೋಗ್ತೀನಿ.

ಈಗ ವಿಎಫ್‌ಡಿನ 50 ಹರ್ಟ್ಸಿಗೆ ಇಟ್ರೆ (ಹರ್ಟ್ಸ್ ಏರಿಸಿದಷ್ಟೂ ಸ್ಪೀಡು) ಬೆಲ್ಟು ಸೆಕೆಂಡಿಗೆ 11 ಮೀಟರ್ ಚಿಲ್ರೆ ಓಡತ್ತೆ. ಒರಟು ಕೆಲಸಕ್ಕೆ 36 ಗ್ರಿಟ್ ಸೆರಾಮಿಕ್ ಬೆಲ್ಟ್ ಹಾಕಿ 70ರವರೆಗೂ ಏರಿಸ್ತೀನಿ, ಸೆರಾಮಿಕ್‌ಗೆ ಸ್ಪೀಡೂ ಬೇಕು ಒತ್ತಡಾನೂ ಬೇಕು, ಮೆತ್ತಗೆ ಹಿಡಿದ್ರೆ ಮೇಲ್ಮೈ ಮೊಂಡಾಗಿ ಬರೀ ಬಿಸಿ ಮಾಡತ್ತೆ. ಹದ ಹಾಕಿದ ಮೇಲೆ (ಕಾಯಿಸಿ ಅದ್ದಿ ಗಟ್ಟಿ ಮಾಡಿದ ಮೇಲೆ) 15 ಹರ್ಟ್ಸ್, ಪಕ್ಕದಲ್ಲಿ ಬಕೆಟ್ ನೀರು, ಬರಿಗೈ. ಗ್ಲೌಸ್ ಹಾಕಿದ್ರೆ ಬಿಸಿ ಗೊತ್ತಾಗಲ್ಲ, ಬೆಲ್ಟಿಗೆ ಸಿಕ್ಕಿದ್ರೆ ಕೈನೂ ಎಳ್ಕೊಂಡು ಹೋಗತ್ತೆ. ಬಾಯಿ ನೀಲಿ ತಿರುಗ್ತು ಅಂದ್ರೆ ಅಲ್ಲಿ ಹದ ಹೋಯ್ತು ಅಂತಾನೇ, ನಂದು ಎರಡು ಮೆಟ್ಟುಗತ್ತಿ ಹಂಗೇ ಹಾಳಾಗಿದೆ. ಬೆಲ್ಟಿನ ಹಿಂದೆ ಆಸರೆಗೆ ಇರೋ ಚಪ್ಪಟೆ ಪಟ್ಟಿ, ಪ್ಲೇಟನ್, ಮೊದ್ಲು ಮೈಲ್ಡ್ ಸ್ಟೀಲಿಂದು ಹಾಕಿದ್ದೆ, ಕೆಲವೇ ತಿಂಗಳಲ್ಲಿ ಗುಳಿ ಬಿತ್ತು, ಈಗ ಅದೇ ಜೀಪಿನ ಪ್ಲೇಟ್ ತುಂಡು ನೇರ ಮಾಡಿ ಹದ ಹಾಕ್ಸಿ ಕೂರಿಸಿದೀನಿ. ಮಾಸ್ಕು, ಕನ್ನಡಕ ಇಲ್ದೆ ಸ್ವಿಚ್ ಮುಟ್ಟಲ್ಲ.

ಆಷಾಢದಲ್ಲಿ ಮಾತ್ರ ಒಂದು ಕಷ್ಟ. ಮಡಚಿಟ್ಟ ಬೆಲ್ಟೆಲ್ಲಾ ತೇವ ಕುಡಿದು ಡೊಂಕಾಗಿ ಟಪ್ಪ ಟಪ್ಪ ಅಂತ ಬಡ್ಕೊಳ್ಳತ್ತೆ. ಹಂಗಾಗಿ ಹಳೇ ಬೀರುವಿನಲ್ಲಿ ದಪ್ಪ ಪೈಪಿನ ಮೇಲೆ ನೇತು ಹಾಕಿ ಕೆಳಗೆ ಒಂದು ಜೀರೋ ಬಲ್ಬ್ ಉರಿಸಿಡ್ತೀನಿ. ಈ ಸಲ ನೋಡಿದ್ರೆ ಅಮ್ಮ ಅಲ್ಲೇ ಪಕ್ಕದಲ್ಲಿ ಹಪ್ಪಳದ ಡಬ್ಬಿನೂ ಇಟ್ಟಿದಾರೆ.