ಬೋರ್ ಕಿಟ್ ಬೇಡ ಅಂದೆ, ವಾಲ್ವ್ ಸೀಲಿನಲ್ಲೇ ಹೊಗೆ ನಿಂತಿತು

ಬೆಳಗ್ಗೆ ಮೊದಲ ಕಿಕ್‌ಗೆ ಬುಸ್ ಅಂತ ನೀಲಿ ಹೊಗೆ, ಎರಡು ನಿಮಿಷಕ್ಕೆ ಮಾಯ. ಸಾವಿರ ಕಿಲೋಮೀಟರಿಗೆ ಸುಮಾರು 300 ಎಂಎಲ್ ಆಯಿಲ್ ಬೇರೆ ಕುಡಿಯುತ್ತಿತ್ತು. ನನ್ನ 150 ಸಿಸಿ ಗಾಡಿ ಆಗ 52,000 ಓಡಿತ್ತು ಅಂತ ನೆನಪು. ಶೋರೂಮಿನವರು ಸೈಲೆನ್ಸರ್ ಹಿಂದೆ ಕೈ ಹಿಡಿದು ನೋಡಿ, "ರಿಂಗ್ ಹೋಗಿದೆ ಸಾರ್, ಬೋರ್ ಕಿಟ್ ಹಾಕಬೇಕು" ಅಂದರು. ಅಂದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಸಿಲಿಂಡರ್, ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಬೇಕು ಅಂತ. ಲೇಬರ್ ಸೇರಿ ಒಂಬತ್ತೂವರೆ ಸಾವಿರ. ಕಂಪ್ರೆಶನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ಅದನ್ನೂ ನೋಡಿರಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ. ರಿಂಗ್ ಹೋಗಿದ್ದರೆ ಆಕ್ಸಿಲರೇಟರ್ ಕೊಟ್ಟಾಗೆಲ್ಲ ಹೊಗೆ ಬರಬೇಕು ಅಲ್ವಾ? ಪಿಕಪ್ ಕೂಡ ಇಳಿದಿರಲಿಲ್ಲ.

ಮೊದಲು ದಪ್ಪ ಆಯಿಲ್ ಹಾಕಿದೆ, 20ಡಬ್ಲ್ಯೂ50. ನಾನೂರು ರೂಪಾಯಿ ದಂಡ. ಹೊಗೆ ಹಾಗೇ ಇತ್ತು, ಬೆಳಗ್ಗೆ ಕ್ಲಚ್ ಬೇರೆ ಅಂಟುತ್ತಿತ್ತು. ಆಮೇಲೆ ಗೇಜ್ ಕೇಳಿ ತಂದು ಕಂಪ್ರೆಶನ್ ನೋಡಿದರೆ ಬರೀ 90 ಪಿಎಸ್‌ಐ! ಆ ರಾತ್ರಿ ನಿದ್ದೆ ಇಲ್ಲ. ಮರುದಿನ ಹೊಳೆಯಿತು, ಥ್ರಾಟಲ್ ಪೂರ್ತಿ ತೆರೆದಿರಲೇ ಇಲ್ಲ. ಇಂಜಿನ್ ಬಿಸಿ ಮಾಡಿ, ಪೂರ್ತಿ ತೆರೆದು ಕಿಕ್ ಹೊಡೆದರೆ 145. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ, 150. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಒತ್ತಡ ಎಲ್ಲಿಗೋ ಏರಬೇಕಿತ್ತು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಗೆಳೆಯನಿಗೆ ಹಿಂದೆ ಬಾ ಅಂತ ಹೇಳಿ ಆಗುಂಬೆ ಘಾಟಿಯನ್ನು ಎರಡನೇ ಗೇರಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿದೆ. ಕೆಳಗೆ ಸೋಮೇಶ್ವರದ ಹತ್ತಿರ ರಸ್ತೆ ಸಮ ಆದಾಗ ಜೋರಾಗಿ ಆಕ್ಸಿಲರೇಟರ್ ಕೊಟ್ಟೆ. "ಒಂದ್ ಸಲ ಬುಸ್ಸಂತ ಬಂತು ಕಣೋ, ಆಮೇಲೆ ಏನೂ ಇಲ್ಲ" ಅಂದ. ಥ್ರಾಟಲ್ ಮುಚ್ಚಿ ಇಳಿಯುವಾಗ ಇಂಜಿನ್ನಿನ ವ್ಯಾಕ್ಯೂಮ್, ವಾಲ್ವ್ ಓಡಾಡುವ ಕೊಳವೆಯಿಂದ (ಗೈಡ್) ಆಯಿಲ್ ಹೀರುತ್ತದೆ; ಅದನ್ನು ತಡೆಯುವುದೇ ವಾಲ್ವ್ ಸೀಲ್ ಅನ್ನುವ ಪುಟ್ಟ ರಬ್ಬರ್. ಹೋಗಿರುವುದು ಆ ಸೀಲೇ ಅಂತ ನನಗೆ ಖಾತ್ರಿಯಾಯಿತು. ಅಣ್ಣ ಮಾತ್ರ "ಕಂಪನಿಯವರಿಗಿಂತ ನಿನಗೆ ಜಾಸ್ತಿ ಗೊತ್ತಾ" ಅಂತಲೇ ಇದ್ದ.

ಸಿಲಿಂಡರ್ ಮೇಲೆ ಕೂರುವ, ವಾಲ್ವ್ ಇರುವ ಹೆಡ್ ಇಳಿಸಿದೆ. ಬೋರಿನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಹೊಸದಿದ್ದಾಗಿನ ಹೋನಿಂಗ್ ಗೆರೆ ಇನ್ನೂ ಕಾಣುತ್ತಿತ್ತು, ಉಗುರು ಆಡಿಸಿದರೆ ಒಂದು ಗೀರೂ ಸಿಗಲಿಲ್ಲ. ಸೀಲ್ ನೋಡಿದರೆ ಪ್ಲಾಸ್ಟಿಕ್ ಥರ ಗಟ್ಟಿ, ಬಾಗಿಸಿದ್ದಕ್ಕೆ ಪಟ್ ಅಂತ ಮುರಿಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಅರವತ್ತು ರೂಪಾಯಿಯ ಡೂಪ್ಲಿಕೇಟ್ ಹಾಕಿದ್ದು ನನ್ನ ತಪ್ಪು, ಐದು ವಾರಕ್ಕೆ ಹೊಗೆ ವಾಪಸ್. ಮತ್ತೆ ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್, ಒರಿಜಿನಲ್ ಸೀಲ್. ಲೇತಿನವರ ಹತ್ತಿರ ಗೈಡ್ ಸವೆತ ನೋಡಿಸಿ ವಾಲ್ವ್ ಗ್ರೈಂಡ್ ಮಾಡಿಸಿದ್ದಕ್ಕೆ ನಾನೂರೈವತ್ತು. ವಾಲ್ವ್ ಸ್ಪ್ರಿಂಗ್ ಹಿಡಿದಿಡುವ ಪುಟ್ಟ ಲಾಕ್ ಒಬ್ಬನೇ ಕೂರಿಸಲು ನನ್ನದೇ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಟ್ಯಾಪೆಟ್ ಸಂದನ್ನು (ವಾಲ್ವ್ ತುದಿಯ ಸಡಿಲ) ಇಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.05, ಎಕ್ಸಾಸ್ಟ್ 0.10 ಮಿ.ಮೀ. ಇಟ್ಟೆ.

ದಂಡವೂ ಸೇರಿ ಖರ್ಚು ಸಾವಿರದ ಎಂಟುನೂರರ ಒಳಗೇ. ಅದಾದ ಮೇಲೆ 11,000 ಓಡಿಸಿದ್ದೇನೆ, ಸರ್ವಿಸ್ ನಡುವೆ ಒಂದು ಹನಿ ಆಯಿಲ್ ಹಾಕಿಲ್ಲ. ಈಗ ಅಣ್ಣನ ಗಾಡಿಯೂ ಬೆಳಗ್ಗೆ ಹೊಗೆ ಬಿಡುತ್ತಿದೆಯಂತೆ. ಭಾನುವಾರ ಗೇಜ್ ತಗೊಂಡು ಬಾ ಅಂದಿದ್ದಾನೆ.